ಮಂಡ್ಯದ ಹಳೇ ರೋಡಲ್ಲಿ ಕೆಂಡದ ಮಟನ್

2023ರಲ್ಲಿ ಎಕ್ಸ್‌ಪ್ರೆಸ್‌ವೇ ಓಪನ್ ಆದ್ಮೇಲೆ ಮೈಸೂರಿಗೆ ಹೋಗೋ ಕಾರ್ನೋರು ಮಂಡ್ಯ ಊರೊಳಗೆ ಬರೋದೇ ಬಿಟ್ಬಿಟ್ರು, ಬೈಪಾಸಲ್ಲೇ ಭರ್ ಅಂತ ಹೋಗ್ಬಿಡ್ತಾರೆ. ಬೈಕ್‌ಗೆ ಅದೇ ವರ್ಷ ಆಗಸ್ಟ್‌ನಿಂದ ಅದ್ರ ಮೇಲೆ ಬ್ಯಾನು. ನಾವು ಬೈಕ್ನೋರು, ಹಳೇ ರೋಡೇ ಗತಿ, ಅದೇ ಒಳ್ಳೇದಾಯ್ತು ಅನ್ನಿ.

ಮಂಡ್ಯ ದಾಟಿ ಶ್ರೀರಂಗಪಟ್ಟಣದ ಕಡೆ ಹೋಗ್ತಿದ್ರೆ ಘಮ್ ಅಂತು, ಗೆಳೆಯ ಹಿಂದಿಂದ ಭುಜ ತಟ್ಟಿ ನಿಲ್ಸೋ ನಿಲ್ಸೋ ಅಂದ. ತಗಡಿನ ಶೀಟು, ಪ್ಲಾಸ್ಟಿಕ್ ಚೇರು, ಕೈ ತೊಳೆಯೋಕೆ ನಲ್ಲಿ ಹಾಕಿರೋ ಡ್ರಮ್ಮು, ಅಷ್ಟೇ ಹೋಟ್ಲು. ಇನ್ನೊಂದು ಡ್ರಮ್ಮನ್ನ ಉದ್ದಕ್ಕೆ ಸೀಳಿ ಅದ್ರಲ್ಲಿ ಇದ್ದಿಲು ಹಾಕವ್ರೆ, ಮೇಲೆ ಜಾಲರಿ.

ಆರ್ಡರ್ ಕೊಟ್ರೆ ಅಣ್ಣ ಮಾಂಸ ಮುಟ್ಟಲೇ ಇಲ್ಲ. 'ಉರಿ ಇಳೀಲಿ ಕುಂತ್ಕಳಿ ಸಾ' ಅಂದ್ರು. ಇದ್ದಿಲ ಮೇಲೆ ಬಿಳೀ ಬೂದಿ ಕೂತ್ಮೇಲೇ ಪಕ್ಕೆ ಪೀಸು ಜೋಡಿಸಿದ್ದು. ಕೊಬ್ಬು ಕರಗಿ ಕೆಂಡಕ್ಕೆ ತೊಟ್ಟಿಕ್ಕಿದ ತಕ್ಷಣ ಭುಗ್ ಅನ್ನತ್ತೆ, ಆಗ ಪೀಸನ್ನ ಇಕ್ಕಳದಲ್ಲಿ ಹಿಡ್ದು ಪಕ್ಕಕ್ಕೆ ಸರಿಸ್ತಾರೆ, ಉರಿ ಸತ್ತ್ಮೇಲೆ ವಾಪಸ್, ಆ ಹೊಗೆ ಹಿಡಿಯೋದೇ ರುಚಿ. ಮಸಾಲೆ ಅಂತ ಉಪ್ಪು, ಮೆಣಸು, ಬೆಳ್ಳುಳ್ಳಿ, ಕೊನೇಗೆ ನಿಂಬೆಹಣ್ಣು. ಅಂಚು ಸೀದು ಗರಿಗರಿ, ಮೂಳೆ ಹತ್ರ ಇನ್ನೂ ರಸ. ಬೆಂಗಳೂರಲ್ಲಿ ಟೇಬಲ್ ಮಧ್ಯ ಒಲೆ ಇಟ್ಟು ಸುಟ್ಟ ಅನಾನಸ್ ತಿನ್ಸಿ ಹೊಟ್ಟೆ ತುಂಬಿಸ್ತಾರಲ್ಲ, ಆ ಬಫೆಗೆ ಕೊಟ್ಟ ದುಡ್ಡೆಲ್ಲ ಜ್ಞಾಪಕ ಬಂತು.

'ಅಣ್ಣಾ ಬನ್ನೂರು ಕುರಿನಾ?' ಅಂತ ಕೇಳ್ದೆ.

'ಈ ರೇಟ್ಗೆ ಎಲ್ ಬತ್ತದೆ ಸಾ, ಬೋರ್ಡಲ್ ಬೇಕಾದ್ರೆ ಎಲ್ರೂ ಬರ್ಕತಾರೆ. ಇದು ಸಂತೆ ಕುರಿ.'

ಈ ಮಾತಿಗೇ ಇನ್ನೊಂದು ಪ್ಲೇಟ್ ಹೇಳ್ದೆ. ಬನ್ನೂರು ಕುರಿ, ಬಂಡೂರು ಅಂತಾನೂ ಕರೀತಾರೆ, ಗಿಡ್ಡ ಕಾಲು ದಪ್ಪ ಮೈ, ಮಾಂಸದೊಳಗೇ ಕೊಬ್ಬು ಸೇರ್ಕೊಂಡಿರೋದ್ರಿಂದ ಮೆತ್ತಗಿರತ್ತೆ, ಅಪ್ಪಟ ತಳಿ ಈಗ ಕಮ್ಮಿ, ರೇಟೂ ಜಾಸ್ತಿ. ಆದ್ರೂ ಹೈವೇ ಉದ್ದಕ್ಕೂ ಬೋರ್ಡ್‌ಗೇನೂ ಬರ ಇಲ್ಲ!

ಚಿಕನ್ ಅಷ್ಟಕ್ಕಷ್ಟೆ, ಎದೆ ಪೀಸು ಒಣಗೋಗಿತ್ತು, ಲೆಗ್ ಪೀಸೇ ಕೇಳಿ. ಮುದ್ದೆ ಮಧ್ಯಾಹ್ನಕ್ಕೆ ಮಾತ್ರ ಅಂತೆ. ಹೋಗೋದಾದ್ರೆ ಕತ್ಲಾಗೋಕ್ ಮುಂಚೆನೇ ಹೋಗಿ, ಪಕ್ಕೆ ಪೀಸು ಖಾಲಿಯಾದ್ರೆ ಒಲೆ ಆರಿಸ್ಬಿಡ್ತಾರೆ.