ಚಳಿಯ ಬೆಳಗು, ಕರಿಯನ ಕಾಲು

ನಂದಿಬೆಟ್ಟದ ಕಡೆಯಿಂದ ಬೀಸುವ ಗಾಳಿ ಚಿಕ್ಕಬಳ್ಳಾಪುರದ ಬೆಳಗುಗಳನ್ನು ಕೊರೆಯತೊಡಗಿದ ಮೇಲೆ, 8 ವರ್ಷದ ನಮ್ಮ ನಾಯಿ ಕರಿಯನಿಗೆ ಮಲಗಿದಲ್ಲಿಂದ ಏಳುವುದೇ ಕಷ್ಟವಾಗಿದೆ. ಮುಂಗಾಲುಗಳನ್ನು ಊರಿ, ಹಿಂಗಾಲುಗಳನ್ನು ನಿಧಾನವಾಗಿ ಎಳೆದುಕೊಂಡು ನಿಂತು, ನಾಲ್ಕು ಹೆಜ್ಜೆ ಕುಂಟಿದ ನಂತರವೇ ಅವನ ನಡಿಗೆ ಹದಕ್ಕೆ ಬರುತ್ತದೆ. ವಯಸ್ಸಾಯಿತೆಂದುಕೊಂಡು ನಾನು ಕೆಲವು ತಿಂಗಳು ಸುಮ್ಮನಿದ್ದೆ, ಅದು ತಪ್ಪಾಗಿತ್ತು. ಕೀಲಿನಲ್ಲಿ ಮೂಳೆಯ ತುದಿಗಳನ್ನು ಕಾಯುವ ಮೃದ್ವಸ್ಥಿ ಸವೆದು ಬರುವ ಸಂಧಿವಾತವಿದು, ನೋವಿದ್ದರೂ ನಾಯಿಗಳು ಕೂಗಿ ಹೇಳಿಕೊಳ್ಳುವುದು ಅಪರೂಪ ಎಂದು ಪಶುವೈದ್ಯರು ವಿವರಿಸಿದಾಗ ನನಗೆ ಬಹಳ ಸಂಕಟವಾಯಿತು.

ಅವರು ಮೊದಲು ಹೇಳಿದ್ದು ತೂಕದ ವಿಷಯ. ಮೈಭಾರ ಇಳಿದಷ್ಟೂ ಕೀಲಿನ ಮೇಲಿನ ಒತ್ತಡ ತಗ್ಗುವುದರಿಂದ, ಅಮ್ಮ ಅಕ್ಕರೆಯಿಂದ ಹಾಕುತ್ತಿದ್ದ ಎರಡನೆಯ ಮುದ್ದೆ ಈಗ ನಿಂತಿದೆ. ಜಾರುವ ನೆಲಕ್ಕೆ ಗೋಣಿಚೀಲ ಹಾಸಿದ್ದೇವೆ. ಒಂದೇ ದೀರ್ಘ ಓಡಾಟದ ಬದಲು ದಿನಕ್ಕೆ ಮೂರು ಸಲ 15 ನಿಮಿಷ ನಡೆಸುತ್ತೇವೆ. ಔಷಧಿಯನ್ನು ವೈದ್ಯರು ಬರೆದಂತೆ ಮಾತ್ರ ಕೊಡುತ್ತಿದ್ದೇವೆ. ನಾವು ನುಂಗುವ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನೂ ಕೆಡಿಸಬಲ್ಲದಾದ್ದರಿಂದ, ಕನಿಕರದಿಂದಲೂ ದಯವಿಟ್ಟು ಯಾರೂ ಅದನ್ನು ಕೊಡಬೇಡಿ.

ಇಂದು ಬೆಳಿಗ್ಗೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಸೊಂಟಕ್ಕೆ ಶಾಖ ಕೊಡುತ್ತಿದ್ದಾಗ, ಅವನು ನನ್ನ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ. ನೀರು ಆರಿದ ಮೇಲೂ ಬಹಳ ಹೊತ್ತು ನಾನು ಏಳಲಿಲ್ಲ.