ಬದಲಾದುದನ್ನಷ್ಟೇ ಕಾಣುವ ಕ್ಯಾಮೆರಾ

ಸೆಕೆಂಡಿಗೆ 30 ಚಿತ್ರ ತೆಗೆಯುವ ಸಾಮಾನ್ಯ ವಿಡಿಯೊ ಕ್ಯಾಮೆರಾವನ್ನು ಖಾಲಿ ಗೋಡೆಯ ಎದುರಿಗಿಟ್ಟರೆ, ಅದೇ ಗೋಡೆಯನ್ನು ಸೆಕೆಂಡಿಗೆ ಮೂವತ್ತು ಬಾರಿ ನಿಷ್ಠೆಯಿಂದ ದಾಖಲಿಸುತ್ತದೆ. ಈವೆಂಟ್ ಕ್ಯಾಮೆರಾಕ್ಕೆ ಈ ನಿಷ್ಠೆಯಿಲ್ಲ. ಅದರ ಪ್ರತಿಯೊಂದು ಪಿಕ್ಸೆಲ್ಲೂ ತನ್ನ ಮೇಲೆ ಬೀಳುವ ಬೆಳಕಿನ ಲಾಗರಿದಮ್ ಬೆಲೆಯನ್ನು ನೆನಪಿಟ್ಟುಕೊಂಡಿರುತ್ತದೆ. ಆ ಬೆಲೆ ಗೊತ್ತುಪಡಿಸಿದ ಮಿತಿಯನ್ನು ದಾಟಿ ಏರಿದಾಗಲೋ ಇಳಿದಾಗಲೋ ಮಾತ್ರ ಪಿಕ್ಸೆಲ್ ತನ್ನ ಸ್ಥಾನ, ಮೈಕ್ರೊಸೆಕೆಂಡಿನ ಲೆಕ್ಕದ ಸಮಯ ಮತ್ತು ಬದಲಾವಣೆಯ ದಿಕ್ಕನ್ನು ತಿಳಿಸಿ ಸುಮ್ಮನಾಗುತ್ತದೆ.

ಇದರ ಮೂಲ, ಅಮೆರಿಕದ ವಿದ್ಯಾಸಂಸ್ಥೆ ಕ್ಯಾಲ್‌ಟೆಕ್‌ನಲ್ಲಿ ಮಿಶಾ ಮಹೋವಾಲ್ಡ್ ಮತ್ತು ಕಾರ್ವರ್ ಮೀಡ್ ರೂಪಿಸಿ, 1991ರಲ್ಲಿ ಜನಸಾಮಾನ್ಯರಿಗೂ ಪರಿಚಯಿಸಿದ ‘ಸಿಲಿಕಾನ್ ಅಕ್ಷಿಪಟಲ’ ಎಂಬ, ಕಣ್ಣಿನ ಒಳಪರದೆಯನ್ನು ಅನುಕರಿಸುವ ಚಿಪ್. 2008ರಲ್ಲಿ ಜ್ಯೂರಿಕ್‌ನ ಸಂಶೋಧಕರು ಪ್ರಕಟಿಸಿದ 128×128 ಪಿಕ್ಸೆಲ್‌ಗಳ ಸೆನ್ಸರ್ 120 ಡೆಸಿಬೆಲ್ ವ್ಯಾಪ್ತಿಯ ಬೆಳಕನ್ನು (ಅತಿ ಮಂಕಿನಿಂದ ಅದರ ಹತ್ತು ಲಕ್ಷ ಪಟ್ಟು ಪ್ರಖರದವರೆಗೆ) ನಿಭಾಯಿಸುತ್ತಿತ್ತಾದರೂ, ಪ್ರತಿ ಪಿಕ್ಸೆಲ್ಲಿನೊಳಗೂ ಸರ್ಕ್ಯೂಟ್ ತುಂಬಬೇಕಾದ್ದರಿಂದ ಒಂದೊಂದು ಪಿಕ್ಸೆಲ್ಲಿನ ಅಗಲ 40 ಮೈಕ್ರೊಮೀಟರ್ ಆಗಿತ್ತು. ಬೆಳಕು ಹಿಡಿಯುವ ಪದರವನ್ನು ಸರ್ಕ್ಯೂಟಿನ ಮೇಲೆ ಪೇರಿಸುವ ವಿಧಾನದಿಂದ ಸೋನಿ ಮತ್ತು ಪ್ರೊಫೆಸಿ ಕಂಪನಿಗಳು 2020ರಲ್ಲಿ ಆ ಅಗಲವನ್ನು 4.86 ಮೈಕ್ರೊಮೀಟರಿಗೆ ಇಳಿಸಿದವು. ಪ್ರಯೋಗಾಲಯದ ಕುತೂಹಲ ಕಾರ್ಖಾನೆಯ ಸರಕಾದದ್ದು ಇಲ್ಲಿಯೇ ಎಂದು ನನಗನ್ನಿಸುತ್ತದೆ.

ತನ್ನತ್ತ ಎಸೆದ ಚೆಂಡನ್ನು 3.5 ಮಿಲಿಸೆಕೆಂಡಿನಲ್ಲಿ ಗ್ರಹಿಸಿ ಪಕ್ಕಕ್ಕೆ ಸರಿಯುವ ಜ್ಯೂರಿಕ್ ವಿಶ್ವವಿದ್ಯಾಲಯದ ಡ್ರೋನ್ ಈ ಸೆನ್ಸರಿನ ಪ್ರಸಿದ್ಧ ಉಪಯೋಗ. ಆದರೆ ವೇಗಕ್ಕೆ ಹೇಳಿ ಮಾಡಿಸಿದ ಸಾಧನವೊಂದು ವೇಗದಲ್ಲಿ ಗೆದ್ದರೆ ಅದರಲ್ಲಿ ಅಚ್ಚರಿಯೇನಿದೆ? ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ನಿಶ್ಚಲ ವಸ್ತುವಿನ ಪ್ರಶ್ನೆ. ಬದಲಾಗದ್ದು ಇದಕ್ಕೆ ಕಾಣುವುದೇ ಇಲ್ಲ ಎಂದಮೇಲೆ ಸೂಕ್ಷ್ಮದರ್ಶಕದ ಕೆಳಗೆ ಕದಲದೆ ಕುಳಿತಿರುವ ಕಣವನ್ನು ನೋಡುವುದು ಹೇಗೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಇದಕ್ಕೆ ಸರಳವಾದ ಉಪಾಯವಿದೆ. ಅವರು ಕಣವನ್ನು ಕದಲಿಸದೆ ಲೇಸರಿನ ತೀವ್ರತೆಯನ್ನೇ ಹೆಚ್ಚು ಕಡಿಮೆ ಮಾಡಿದರು. ಲೇಸರ್ ಬಿದ್ದಾಗ ತಾನೇ ಹೊಳೆಯುವ ಪ್ರತಿದೀಪ್ತ ಕಣ ಬೆಳಗಿದಾಗ ಏರಿಕೆಯ, ಮಂಕಾದಾಗ ಇಳಿಕೆಯ ಸಂಕೇತಗಳು ಬಂದವು. ಆ ಸಂಕೇತಗಳಿಂದ ಕಣದ ಕೇಂದ್ರವನ್ನು ಯಂತ್ರಕಲಿಕೆಯ ನೆರವಿನಿಂದ ಗುರುತಿಸಿ, ಸುಮಾರು 200 ನ್ಯಾನೊಮೀಟರಿಗಿಂತ ಸೂಕ್ಷ್ಮವಾದುದನ್ನು ಬಿಡಿಸಿ ತೋರಿಸಲಾಗದ ಸಾಮಾನ್ಯ ಸೂಕ್ಷ್ಮದರ್ಶಕದ ಮಿತಿಯನ್ನು ದಾಟಿ 50 ನ್ಯಾನೊಮೀಟರಿಗಿಂತ ಚಿಕ್ಕ ಕಣಗಳ ನೆಲೆಯನ್ನು ಪತ್ತೆಹಚ್ಚಿದರು.

ನಮ್ಮ ಕಣ್ಣಿನ ಪಾಡೂ ಇದಕ್ಕಿಂತ ಬೇರೆಯಲ್ಲ: ನೆಟ್ಟ ನೋಟದಲ್ಲೂ ಅದು ಸಣ್ಣಗೆ ಕಂಪಿಸುತ್ತಲೇ ಇರುತ್ತದೆ, ಆ ಕಂಪನವನ್ನು ಸರಿದೂಗಿಸಿ ಬಿಂಬವನ್ನು ಅಕ್ಷಿಪಟಲದ ಮೇಲೆ ಸ್ಥಿರವಾಗಿ ನಿಲ್ಲಿಸಿದರೆ ಕೆಲವೇ ಸೆಕೆಂಡುಗಳಲ್ಲಿ ನೋಟ ಮಾಸಿಹೋಗುತ್ತದೆ.