ಅರ್ಧ ಗಂಟೆ ವಾಕಿಂಗ್

2023ರ ಜುಲೈ ತಿಂಗಳ ಒಂದು ಸೋಮವಾರ, ನಮ್ಮ ಮನೆಯಲ್ಲಿ ಒಂಬತ್ತು ವರ್ಷಗಳಿಂದ ಪಾತ್ರೆ ತೊಳೆದು ನೆಲ ಒರೆಸುತ್ತಿರುವ ಮಹಿಳೆಯನ್ನು ಕರೆದುಕೊಂಡು ನಾನು ದಕ್ಷಿಣ ಬೆಂಗಳೂರಿನ ಒಂದು ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ಹಿಂದಿನ ವಾರ ಅಡುಗೆಮನೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ನೆಲ ಒರೆಸುತ್ತಿದ್ದವರು ಏಳಲಾಗದೆ ಅಲ್ಲಿಯೇ ಗೋಡೆಗೆ ಒರಗಿಬಿಟ್ಟಿದ್ದರು. ಆಗ ನನಗೆ ಐವತ್ತನಾಲ್ಕು ವರ್ಷ, ಅವರಿಗೆ ನಲವತ್ತಾರು. ನಮ್ಮಿಬ್ಬರನ್ನು ಹೊಸಬರು ನೋಡಿದರೆ ಅವರೇ ನನಗಿಂತ ಹಿರಿಯರೆಂದು ತಿಳಿಯುತ್ತಾರೆ.

ಮಂಡಿ ತೋರಿಸಲು ಹೋದಾಗ ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದರು. ಸಕ್ಕರೆ 268 ಇತ್ತು. ನನಗೂ ಸಕ್ಕರೆ ಕಾಯಿಲೆ ಇರುವುದರಿಂದ ಆ ಅಂಕಿಯ ಅರ್ಥ ನನಗೆ ಅವರಿಗಿಂತ ಮೊದಲೇ ಹೊಳೆಯಿತು. ವೈದ್ಯರು ಒಳ್ಳೆಯವರು, ಹೊರಗೆ ಎಪ್ಪತ್ತು ಎಂಬತ್ತು ಜನ ಕಾಯುತ್ತಿದ್ದರೂ ಸಿಡುಕಲಿಲ್ಲ. ನನ್ನ ಕಡೆ ನೋಡಿ, "ನೀವು ಸ್ವಲ್ಪ ತಿಳಿಸಿ ಹೇಳಿ ಮೇಡಂ" ಎಂದರು. ಅವರ ಕಡೆ ತಿರುಗಿ, "ನೋಡಮ್ಮಾ, ಮಾತ್ರೆ ತಪ್ಪಿಸಬೇಡ. ಅನ್ನ ಕಮ್ಮಿ ಮಾಡು. ದಿನಾ ಅರ್ಧ ಗಂಟೆ ವಾಕಿಂಗ್ ಮಾಡು" ಎಂದರು. ಒಂದೇ ಉಸಿರಿನಲ್ಲಿ ನನಗೆ ಬಹುವಚನ, ಅವರಿಗೆ ಏಕವಚನ. ನಮ್ಮ ನುಡಿಯಲ್ಲಿ ಇದು ಎಷ್ಟು ಸಲೀಸಾಗಿ ಬರುತ್ತದೆಂದರೆ, ಹೇಳಿದವರಿಗೂ ಕೇಳಿದವರಿಗೂ ಅದು ಗಮನಕ್ಕೆ ಬಂದಂತೆ ಕಾಣಲಿಲ್ಲ.

ಹೊರಗೆ ಬಂದಾಗ ಹನ್ನೊಂದೂವರೆ. ಅವರಿಗೆ ಸ್ವಲ್ಪ ಹೊತ್ತು ಕೂರಬೇಕಾಗಿತ್ತು. ರಸ್ತೆಯಾಚೆ ಒಂದು ಉದ್ಯಾನವಿತ್ತು, ಆದರೆ ಗೇಟಿಗೆ ಬೀಗ ಹಾಕಿತ್ತು. ಆಗ ನಗರದ ಬಹುತೇಕ ಉದ್ಯಾನಗಳನ್ನು ಬೆಳಿಗ್ಗೆ ನಡೆಯುವವರು ಮನೆಗೆ ಹೋದ ಮೇಲೆ, ಹತ್ತು ಗಂಟೆಯ ಹೊತ್ತಿಗೆ ಮುಚ್ಚಿ, ಮತ್ತೆ ಮಧ್ಯಾಹ್ನದ ನಂತರವೇ ತೆರೆಯುತ್ತಿದ್ದರು. ಇಡೀ ದಿನ ತೆರೆದಿಡಬೇಕೆಂಬ ಆದೇಶ ಬಂದದ್ದು 2024ರಲ್ಲಿ. ಬೀದಿ ಗುಡಿಸುವವರು, ಮನೆಗೆಲಸದವರು, ಪಾರ್ಸೆಲ್ ಹಂಚುವ ಹುಡುಗರು ಒಂದು ಗಳಿಗೆ ನೆರಳು ಹುಡುಕುವ ಹೊತ್ತಿಗೆ ಸರಿಯಾಗಿ ಬೀಗ ಬೀಳುತ್ತಿತ್ತು ಎಂಬುದು, ವರ್ಷಗಟ್ಟಲೆ ಅಂಥದೇ ಉದ್ಯಾನದಲ್ಲಿ ಸುತ್ತು ಹಾಕಿದ ನನಗೆ ಆ ದಿನದವರೆಗೂ ತೋಚಿರಲಿಲ್ಲ. ಟೀ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತೆವು.

ಅವರು ನನ್ನ ಶೂಗಳನ್ನೇ ನೋಡುತ್ತಿದ್ದು, "ವಾಕಿಂಗ್ ಅಂದ್ರೆ ನಿಮ್ ಥರ ಶೂ ಹಾಕ್ಕೊಂಡು ನಡೆಯೋದಾ ಅಕ್ಕಾ? ಮನೆ ಮನೆಗೆ ನಡೆಯೋದು ಲೆಕ್ಕಕ್ಕಿಲ್ವಾ?" ಎಂದು ಕೇಳಿದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಪ್ರಶ್ನೆ ಅದು. ನನ್ನಲ್ಲಿ ಉತ್ತರವಿರಲಿಲ್ಲ.

ಮನೆಗೆ ಬಂದ ಮೇಲೆ ಆ ಪ್ರಶ್ನೆಯ ಬೆನ್ನು ಹತ್ತಿ ಓದತೊಡಗಿದೆ. ದೇಹವನ್ನು ದುಡಿಸಿದರೆ ಹೃದಯಕ್ಕೆ ಒಳ್ಳೆಯದು ಎಂಬ ತಿಳಿವಳಿಕೆಗೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಜೆರ್ರಿ ಮಾರಿಸ್, 1953ರಲ್ಲಿ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿ, ದಿನವಿಡೀ ಕೂತಿರುವ ಚಾಲಕರಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಎಂದು ತೋರಿಸಿದ್ದರು. ಅಂದರೆ, ಮೊದಲ ದೊಡ್ಡ ಸಾಕ್ಷ್ಯ ಸಿಕ್ಕಿದ್ದು ದುಡಿಯುವವರ ಕಾಲುಗಳಿಂದ, ಪಾರ್ಕಿನಲ್ಲಿ ನಡೆಯುವವರಿಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಬೇಕು ಎನ್ನುವಾಗಲೂ ಕೂಲಿ ಕೆಲಸವನ್ನಾಗಲಿ ಮನೆಗೆಲಸವನ್ನಾಗಲಿ ಹೊರಗಿಟ್ಟಿಲ್ಲ. ಆ ಲೆಕ್ಕ ಹಿಡಿದರೆ ಇವರ ವಾರದ ಪಾಲು ಸೋಮವಾರ ಸಂಜೆಯೊಳಗೇ ಮುಗಿದಿರುತ್ತದೆ.

ಹಾಗಿದ್ದರೆ 268 ಏಕೆ? 2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ, ಸುಮಾರು ಎರಡು ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿ, ಹೊಟ್ಟೆಪಾಡಿಗಾಗಿ ಹೆಚ್ಚು ಮೈಮುರಿದು ದುಡಿಯುವ ಗಂಡಸರಲ್ಲಿ ಅಕಾಲ ಮರಣದ ಅಪಾಯ ಶೇ 18ರಷ್ಟು ಹೆಚ್ಚು ಎಂದು ಹೇಳಿತು. ಹೆಂಗಸರಲ್ಲಿ ಅಂಥ ಸಂಬಂಧ ಕಾಣಲಿಲ್ಲ ಎಂಬುದನ್ನೂ ಹೇಳಲೇಬೇಕು. ಬಡತನ, ಬೀಡಿ, ಊಟ ಇವುಗಳ ಪ್ರಭಾವವನ್ನು ದುಡಿಮೆಯಿಂದ ಬೇರ್ಪಡಿಸುವುದು ಸುಲಭವಲ್ಲವಾದ್ದರಿಂದ ಸಂಶೋಧಕರಲ್ಲಿ ಇದರ ಬಗ್ಗೆ ವಾದವಿದೆ. ಆದರೂ ಅವರು ಕೊಡುವ ಕಾರಣಗಳನ್ನು ಓದುವಾಗ ನಮ್ಮ ಅಡುಗೆಮನೆಯೇ ಕಣ್ಣಮುಂದೆ ಬಂತು: ವ್ಯಾಯಾಮ ಚಿಕ್ಕದು, ಚುರುಕಾದದ್ದು, ಸಾಕೆನಿಸಿದಾಗ ನಿಲ್ಲಿಸಬಹುದಾದದ್ದು, ನಂತರ ವಿಶ್ರಾಂತಿಯುಳ್ಳದ್ದು, ದುಡಿಮೆ ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಎಳೆಯುವಂಥದ್ದು, ರಕ್ತದೊತ್ತಡವನ್ನು ದಿನವಿಡೀ ಏರಿಸಿಯೇ ಇಡುವಂಥದ್ದು, ದಣಿದಾಗ ನಿಲ್ಲಿಸುವ ಅಧಿಕಾರ ದಣಿದವರ ಕೈಯಲ್ಲಿಲ್ಲದಂಥದ್ದು. ನಾನು ನಲವತ್ತು ನಿಮಿಷ ನಡೆದು ಬಂದು ಪೇಪರ್ ಹಿಡಿದು ಕೂರುವಾಗ, ಅದೇ ನಲವತ್ತು ನಿಮಿಷ ನಡೆದು ಬಂದ ಅವರು ನನ್ನ ಮನೆಯ ಸಿಂಕಿನ ಮುಂದೆ ನಿಂತಿರುತ್ತಿದ್ದರು. ಕುಕ್ಕರಗಾಲಿನಲ್ಲಿ ಕೂತು ಏಳುವ ಕೆಲಸ ಮಂಡಿಯ ಕೀಲು ಸವೆಯುವ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದರಲ್ಲಂತೂ ವೈದ್ಯರಿಗೆ ಹೆಚ್ಚಿನ ಅನುಮಾನವಿಲ್ಲ.

ಕಲ್ಲಿನ ಮೇಲೆ ಕೂತಿದ್ದಾಗ ಅವರ ದಿನಚರಿಯನ್ನು ನಾನು ಮೊದಲ ಸಲ ಕೇಳಿದೆ. ಒಂಬತ್ತು ವರ್ಷಗಳಲ್ಲಿ ಮೊದಲ ಸಲ. ನೀರು ಬರುವ ದಿನ ನಾಲ್ಕು ಗಂಟೆಗೆ ಎದ್ದು ಬಿಂದಿಗೆಗಳನ್ನು ತುಂಬಿಸಿ ಎರಡನೇ ಮಹಡಿಗೆ ಹೊರಬೇಕು. ಏಳಕ್ಕೆ ಮೊದಲ ಮನೆ, ಎರಡೂವರೆಗೆ ನಾಲ್ಕನೆಯದು ಮುಗಿಯುತ್ತದೆ. ಆಗ ಮನೆಯಲ್ಲಿ ಅನ್ನ ಸಾರು. ಅಲ್ಲಿಯವರೆಗೆ ಏನು ತಿನ್ನುತ್ತೀರಿ ಎಂದಾಗ, "ಎಲ್ಲರ ಮನೇಲೂ ಟೀ ಕೊಡ್ತಾರಲ್ಲಕ್ಕಾ, ಸಕ್ಕರೆ ಜಾಸ್ತಿ ಹಾಕಿಸ್ಕೊಂಡ್ರೆ ಹೊಟ್ಟೆ ತುಂಬಿದಂಗೆ ಇರುತ್ತೆ" ಎಂದರು. ಆ ನಾಲ್ಕು ಲೋಟಗಳಲ್ಲಿ ಒಂದು ನಮ್ಮ ಮನೆಯದು. ಸ್ಟೀಲಿನ ದೊಡ್ಡ ಲೋಟದಲ್ಲಿ ಮೂರು ಚಮಚ ಸಕ್ಕರೆ ಹಾಕಿ ಕೊಟ್ಟು, ನನ್ನ ಬಟ್ಟಲಿಗೆ ಹಾಕದೆ, ಇದನ್ನೇ ಉದಾರತೆಯೆಂದು ತಿಳಿದಿದ್ದೆ.

ಆ ತಿಂಗಳು ಅವರನ್ನು ಸಂಜೆಯ ನಡಿಗೆಗೆ ಕರೆಯುವ ಹುಚ್ಚು ಉತ್ಸಾಹವೂ ನನಗೆ ಬಂತು. ಎರಡು ದಿನ ಬಂದರು. ಮೂರನೆಯ ದಿನ, "ನಮ್ ಬೀದೀಲಿ ಹೆಂಗಸರು ಕೆಲಸ ಇಲ್ದೆ ಸುಮ್ನೆ ನಡೆದ್ರೆ ಎಲ್ಲಿಗ್ ಹೋಗ್ತಿದೀಯ ಅಂತ ಕೇಳ್ತಾರೆ" ಎಂದು ನಿಂತುಬಿಟ್ಟರು. ನಮ್ಮ ವಸತಿ ಸಮುಚ್ಚಯದೊಳಗೆ ನಡೆಯಬಹುದಿತ್ತು, ಅಲ್ಲಿ ನಡಿಗೆಗೆಂದೇ ಹಾಸಿದ ದಾರಿಯಿದೆ. ಆದರೆ ಕೆಲಸದವರು ತೋಟದ ಬೆಂಚುಗಳ ಮೇಲೆ ಕೂರಬಾರದೆಂಬ ಚೀಟಿಯೂ ಅಲ್ಲಿಯೇ ಅಂಟಿಸಿದೆ. ಸಭೆಯಲ್ಲಿ ನಾನು ಆ ಮಾತೆತ್ತಿದೆ. "ಮುಂದೆ ನೋಡೋಣ" ಎಂದರು. ಚೀಟಿ ಈಗಲೂ ಇದೆ.

ಸುಲಭವಾಗಿ ಆದದ್ದು ಸಣ್ಣಪುಟ್ಟವು ಮಾತ್ರ. ನಮ್ಮ ಮನೆಯಲ್ಲಿ ಟೀಗೆ ಬದಲು ಒಂಬತ್ತು ಗಂಟೆಗೆ ರಾಗಿ ರೊಟ್ಟಿ, ಪಲ್ಯ. ಉದ್ದ ಹಿಡಿಯ ಮಾಪ್ ತಂದೆ. ಉಳಿದ ಮೂರು ಮನೆಗಳಲ್ಲಿ ಎರಡರವರು, ಕೋಲಿನಲ್ಲಿ ಒರೆಸಿದರೆ ಮೂಲೆಯ ಕೊಳೆ ಹೋಗುವುದಿಲ್ಲ ಎಂದು ಒಪ್ಪಲಿಲ್ಲ. ಆ ಜೂನ್‌ನಲ್ಲಿ ಶುರುವಾಗಿದ್ದ ಶಕ್ತಿ ಯೋಜನೆಯಿಂದ ಟಿಕೆಟ್ಟಿನ ದುಡ್ಡು ಉಳಿದು, ಬೆಳಿಗ್ಗೆ ನಡೆದು ಬರುತ್ತಿದ್ದವರು ಬಸ್ಸಿನಲ್ಲಿ ಬರತೊಡಗಿದರು. ವೈದ್ಯರ ಸಲಹೆಗೆ ಇದು ವಿರುದ್ಧ ಎನ್ನುವವರಿದ್ದಾರೆ, ನನಗಂತೂ ಅದೇ ಅವರಿಗೆ ಸಿಕ್ಕ ಒಳ್ಳೆಯ ಔಷಧಿ ಎನಿಸಿತು.

ಅಕ್ಟೋಬರಿನಲ್ಲಿ ಮತ್ತೆ ಹೋದೆವು. ಸಕ್ಕರೆ 194ಕ್ಕೆ ಇಳಿದಿತ್ತು. ಮಾತ್ರೆಯಿಂದಲೋ ರೊಟ್ಟಿಯಿಂದಲೋ ಹೇಳಲಾರೆ. ಮಂಡಿ ಮಾತ್ರ ಹಾಗೆಯೇ ಇತ್ತು. ಈ ಸಲ ಬೇರೆ ವೈದ್ಯರು, ಎಕ್ಸ್‌ರೇ ನೋಡಿ, ಮೆಟ್ಟಿಲು ಹತ್ತುವುದನ್ನು ಬಿಟ್ಟುಬಿಡು ಎಂದರು. ಅವರು ತಲೆಯಾಡಿಸಿ ಚೀಟಿ ಮಡಿಸಿಕೊಂಡರು. ಅವರಿರುವ ಕಟ್ಟಡದಲ್ಲಿ ನೆಲಮಹಡಿಯ ಕೋಣೆಯೊಂದು ಆಗ ಖಾಲಿಯಿತ್ತು. ಅದರ ಬಾಡಿಗೆ ಅವರು ಕೊಡುತ್ತಿರುವುದಕ್ಕಿಂತ ಒಂದೂವರೆ ಸಾವಿರ ಹೆಚ್ಚು.